ಕಾಫಿ ಬೊಡ್ಡೆಯ ಪೆನ್ನಿಗೆ ಕನ್ನಡದ ಹೆಸರು: 10 ವ್ಯಾಟ್ ಲೇಸರ್ ಯಂತ್ರ ಬಳಸಿದ ಮೇಲೆ

ಮರದ ಪೆನ್ನು ಮಾಡುವವರು ಅದರ ಮೇಲೆ ಹೆಸರು ಸುಟ್ಟು ಬರೆಯುವ ಲೇಸರ್ ಯಂತ್ರ ಕೊಳ್ಳಬಹುದಾ ಅಂತ ಕೇಳಿದವರಿಗೆಲ್ಲ ಒಂದೊಂದಾಗಿ ಉತ್ತರ ಬರೆಯುವ ಬದಲು ಇಲ್ಲೇ ಒಟ್ಟಿಗೆ ಹೇಳುತ್ತೇನೆ. ಕೊಳ್ಳಬಹುದು. ಕೈಯಲ್ಲಿ ತಿಳಿ ಬಣ್ಣದ ಗಟ್ಟಿ ಮರ ಇರಬೇಕು, ಅಕ್ಷರದ ಮೇಲೆ ಅಕ್ಕರೆ ಇರಬೇಕು, ಹೊಗೆ ಹೊರಗೆ ಹೋಗುವ ಒಂದು ಕಿಟಕಿ ಇರಬೇಕು. ಇಷ್ಟಿದ್ದರೆ ನಿಮ್ಮ ಪೆನ್ನಿಗೆ ಇದು ಕೊಡುವ ಚೆಲುವನ್ನು ಬೇರೆ ಯಾವ ವಿಧಾನವೂ ಇಷ್ಟು ಸುಲಭವಾಗಿ ಕೊಡಲಾರದು. ಕಪ್ಪು ಮರದಲ್ಲೇ ಕೆಲಸ ಮಾಡುವವರು ಸ್ವಲ್ಪ ತಡೆಯಿರಿ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮದು ಚಿಕ್ಕಮಗಳೂರು ಕಡೆ ಸಣ್ಣ ಕಾಫಿ ತೋಟ. ಹಳೆಯ ರೊಬಸ್ಟಾ ಗಿಡಗಳನ್ನು ಕಿತ್ತು ಹೊಸದು ಹಾಕುವಾಗ ಬೊಡ್ಡೆಗಳು ಒಲೆಗೆ ಹೋಗುತ್ತಿದ್ದವು. ಅವನ್ನು ಸೀಳಿ, ಎರಡೂ ತುದಿಗೆ ಮೇಣ ಬಳಿದು, ಅಟ್ಟದ ಮೇಲೆ ಒಣಗಿಸಿ ಪೆನ್ನು ಕಡೆಯುತ್ತೇನೆ. ಅರೇಬಿಕಾದಲ್ಲಿ ಬಿಳಿ ಕಾಂಡಕೊರಕ ಹೊಕ್ಕ ಗಿಡವನ್ನು ಮಾತ್ರ ಮುಟ್ಟುವುದಿಲ್ಲ. ಒಳಗೆ ಹುಳ ಇರುತ್ತದೆ, ಅದನ್ನು ಕಿತ್ತು ಸುಡುವುದೇ ಸರಿ. ಆರೋಗ್ಯವಾದ ಕಾಫಿ ಮರ ಒಣಗಿದ ಮೇಲೆ ಕೆನೆ ಬಣ್ಣ, ಒತ್ತಾದ ಎಳೆ. ಲೇತಿನ ಮೇಲೆ ಉಳಿ ಹಿಡಿದರೆ ಸಿಪ್ಪೆ ಉದ್ದುದ್ದ ಬರುತ್ತದೆ. ಲೇಸರ್‌ಗೆ ಹೇಳಿ ಮಾಡಿಸಿದ ಮರ ಇದು ಅಂತ ಗೊತ್ತಾದದ್ದು ಆಮೇಲೆ.

ಯಂತ್ರದ ಕಂಪನಿಯ ಹೆಸರು ಬರೆಯುತ್ತಿಲ್ಲ. ಹೆಚ್ಚು ಕಡಿಮೆ ಇದೇ ತಲೆ, ಇದೇ ಹಳಿ ನಾಲ್ಕಾರು ಹೆಸರಿನಲ್ಲಿ ಮಾರಾಟಕ್ಕಿವೆ. ನನ್ನ ಮಾತು ಈ ಬಗೆಯ ಯಂತ್ರಗಳಿಗೆಲ್ಲ ಸಲ್ಲುತ್ತದೆ: ಮೇಜಿನ ಮೇಲೆ ಕೂರುವ ತೆರೆದ ಚೌಕಟ್ಟು, 450 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕಿನ ಡಯೋಡ್, 10 ವ್ಯಾಟ್ ಬೆಳಕು. ಈ 10 ವ್ಯಾಟ್ ಎನ್ನುವುದನ್ನು ಗಮನಿಸಿ. ಪೆಟ್ಟಿಗೆಯ ಮೇಲೆ ಕೆಲವರು 40, 80, 90 ಅಂತೆಲ್ಲ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅದು ಬೆಳಕಿನ ಲೆಕ್ಕವಲ್ಲ. ಮರ ಸುಡುವುದು ಲೆನ್ಸಿನಿಂದ ಹೊರಬೀಳುವ ಬೆಳಕು. ಆ ಬೆಳಕು ಎಷ್ಟು ವ್ಯಾಟ್ ಅಂತ ಕೇಳಿಯೇ ತೆಗೆದುಕೊಳ್ಳಿ. ಪೆನ್ನಿಗೆ 5 ವ್ಯಾಟ್ ಕೂಡ ಸಾಕು. ನಾನು 10 ತೆಗೆದುಕೊಂಡದ್ದು ಮುಂದೆ ಪೆನ್ನಿನ ಡಬ್ಬಿಗೆ ತೆಳು ಹಲಗೆ ಕತ್ತರಿಸುವ ಆಸೆಯಿಂದ.

ಇದಕ್ಕೆ ಮುಂಚೆ ಪೇಟೆಯ ಅಂಗಡಿಯೊಂದರಲ್ಲಿ ಹೆಸರು ಹಾಕಿಸುತ್ತಿದ್ದೆ. ಅಲ್ಲಿದ್ದದ್ದು ಕಾರ್ಬನ್ ಡೈಆಕ್ಸೈಡ್ ಕೊಳವೆಯ ದೊಡ್ಡ ಯಂತ್ರ. ಅಕ್ರಿಲಿಕ್ ಬೋರ್ಡು, ಟ್ರೋಫಿ, ಗೃಹಪ್ರವೇಶದ ನೆನಪಿನ ಕಾಣಿಕೆ, ಇವು ಅವರ ದಿನನಿತ್ಯದ ಕೆಲಸ. ಇಂಗ್ಲಿಷ್ ಹೆಸರು ಕೊಟ್ಟರೆ ಚೆನ್ನಾಗಿಯೇ ಮಾಡಿಕೊಡುತ್ತಿದ್ದರು. ತೊಂದರೆ ಬಂದದ್ದು ಕನ್ನಡಕ್ಕೆ. ಅವರ ಕಂಪ್ಯೂಟರಿನಲ್ಲಿ ಹಳೆಯ ಕೋರೆಲ್ ಡ್ರಾ. ನಾನು ವಾಟ್ಸಾಪಿನಲ್ಲಿ ಯುನಿಕೋಡಿನಲ್ಲಿ ಕಳಿಸಿದ ಹೆಸರು ಅಲ್ಲಿ ತೆರೆದರೆ ಒತ್ತು ಪಕ್ಕಕ್ಕೆ ಬಂದು ಕೂರುತ್ತಿತ್ತು, ಇಲ್ಲವೇ ಅಕ್ಷರದ ಜಾಗದಲ್ಲಿ ಚೌಕಗಳು. ನುಡಿ, ಬರಹದ ಹಳೆಯ ಅಕ್ಷರಶೈಲಿಯಲ್ಲಿ ಅವರೇ ಮತ್ತೆ ಟೈಪ್ ಮಾಡಬೇಕಿತ್ತು, ಅಲ್ಲಿ ಒಂದು ಕೊಂಬು ಬಿಟ್ಟುಹೋದರೂ ಹಿಡಿಯುವವರಿಲ್ಲ.

“ಅಕ್ಕಾ, ಅಕ್ಷರ ಒಡೀತಾ ಇದೆ. ಇಂಗ್ಲಿಷಲ್ಲೇ ಹಾಕ್ಬಿಡ್ಲಾ? ನೀಟಾಗ್ ಬರುತ್ತೆ” ಅಂದರು ಒಂದು ಸಲ.

ಆ ಆರ್ಡರು ಕನ್ನಡ ಮೇಷ್ಟ್ರೊಬ್ಬರ ಬೀಳ್ಕೊಡುಗೆಗೆ. ಅವರ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಕೊಡಿಸುತ್ತಿದ್ದ ಪೆನ್ನು. ಜೀವಮಾನವೆಲ್ಲ ಮಕ್ಕಳ ಕಾಗುಣಿತ ತಿದ್ದಿದವರ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ ಕೊಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ಸ್ವಂತ ಯಂತ್ರ ತರಿಸಬೇಕು ಅನ್ನಿಸಿದ್ದು ಅಲ್ಲಿ. ಅಂಗಡಿಯವರನ್ನು ದೂರುತ್ತಿಲ್ಲ, ದಿನಕ್ಕೆ ನೂರು ಕೆಲಸದ ನಡುವೆ ಒಂದು ಪೆನ್ನಿಗೆ ಅವರು ಎಷ್ಟು ಹೊತ್ತು ಕೊಡಲಾದೀತು? ಈಗಲೂ ಅಂಗಡಿಯಲ್ಲೇ ಮಾಡಿಸುವವರಿಗೆ ಒಂದು ದಾರಿ ಇದೆ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಯುನಿಕೋಡಿನಲ್ಲೇ ಹೆಸರು ಬರೆದು, ಅಕ್ಷರವನ್ನು ಗೆರೆಯಾಗಿ ಪರಿವರ್ತಿಸಿ, ಎಸ್‌ವಿಜಿ ಅಥವಾ ಪಿಡಿಎಫ್ ಕಡತವಾಗಿ ಕೊಡಿ. ಆಗ ಅದು ಚಿತ್ರ, ಅಕ್ಷರವಲ್ಲ. ಅವರ ಕಂಪ್ಯೂಟರಿನಲ್ಲಿ ಯಾವ ಫಾಂಟ್ ಇದ್ದರೂ ಇಲ್ಲದಿದ್ದರೂ ಒತ್ತು ಇದ್ದಲ್ಲೇ ಇರುತ್ತದೆ. ನನ್ನ ಯಂತ್ರಕ್ಕೂ ನಾನು ಹೀಗೇ ಕೊಡುವುದು. ಲೇಸರ್ ಯಂತ್ರ ನಡೆಸುವ ಲೈಟ್‌ಬರ್ನ್ ತಂತ್ರಾಂಶ ದುಡ್ಡು ಕೊಟ್ಟು ಕೊಳ್ಳಬೇಕಾದ್ದು, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಎಸ್‌ವಿಜಿ ಒಳಗೆ ತಂದು, ಗೆರೆಯ ಅಂತರ 0.1 ಮಿ.ಮೀ. ಅಂತ ಇಟ್ಟು, ವೇಗ ಮತ್ತು ಶಕ್ತಿ ಹೊಂದಿಸಿದರೆ ಮುಗಿಯಿತು.

ಇನ್ನು ಅಕ್ಷರದ ಗಾತ್ರ. ಪೆನ್ನಿನ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ಇಂಗ್ಲಿಷಿನವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ, ಅವರಿಗೆ ಈ ಕಷ್ಟವೇ ಇಲ್ಲ. ಪೆನ್ನಿನ ಉದ್ದಕ್ಕೆ ಹೆಸರು ಹಾಕುವಾಗ ಅಗಲಕ್ಕೆ ಜಾಗ ಬೇಕಾದಷ್ಟಿರುತ್ತದೆ, ಕೊರತೆ ಇರುವುದು ಎತ್ತರಕ್ಕೆ. ಕನ್ನಡ ಅಕ್ಷರ ಬೆಳೆಯುವುದು ಮೇಲೆ ಕೆಳಗೆ: ಮೇಲೆ ಗುಡಿಸು, ಕೆಳಗೆ ಒತ್ತು. ಒಟ್ಟು 4 ಮಿ.ಮೀ. ಎತ್ತರ ಕೊಟ್ಟರೆ ಮೂಲ ಅಕ್ಷರಕ್ಕೆ ಉಳಿಯುವುದು ಸುಮಾರು ಅರ್ಧ. ‘ರಮ’, ‘ಗಿರಿಜ’ ಇಂಥ ಹೆಸರುಗಳಿಗೆ ಚಿಂತೆಯಿಲ್ಲ. ‘ಲಕ್ಷ್ಮೀ’ ಬರೆಯಿರಿ ನೋಡೋಣ! ಕಕಾರದ ಕೆಳಗೆ ಷಕಾರದ ಒತ್ತು, ಅದರ ಜೊತೆಗೆ ಮಕಾರದ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಲೇಸರ್ ಚುಕ್ಕಿ 0.08 ಮಿ.ಮೀ. ಇದ್ದರೂ ಮರ ಸುಟ್ಟಾಗ ಗೆರೆ ಅದಕ್ಕಿಂತ ದಪ್ಪವೇ ಬರುತ್ತದೆ, ಒತ್ತಿನ ಒಳಗಿನ ಸಣ್ಣ ಕಿಂಡಿ ಮುಚ್ಚಿಹೋಗುತ್ತದೆ. ದೂರದಿಂದ ನೋಡಿದರೆ ಕರೀ ಚುಕ್ಕೆ.

ಹಾಗಾಗಿ ಫಾಂಟ್ ಆಯ್ಕೆಗೆ ಹೊತ್ತು ಕೊಡಿ. ಬಾಲೂ ತಮ್ಮ ಎಂಬ ಫಾಂಟ್ ನೋಡಲು ಮುದ್ದಾಗಿದೆ, ಬೋರ್ಡಿಗೆ ನನಗೂ ಇಷ್ಟ, ಪೆನ್ನಿನ ಮೇಲೆ ಮಾತ್ರ ಅದರ ದಪ್ಪ ಮೈ ಕಿಂಡಿಗಳನ್ನೆಲ್ಲ ನುಂಗುತ್ತದೆ. ನೋಟೊ ಸಾನ್ಸ್ ಕನ್ನಡದ ತೆಳು ತೂಕ ಚೆನ್ನಾಗಿ ಬರುತ್ತದೆ. ನನ್ನ ಮೆಚ್ಚಿನದು ಅನೇಕ್ ಕನ್ನಡ. ಅದರಲ್ಲಿ ದಪ್ಪ ತೆಳು ಮಾತ್ರವಲ್ಲ, ಅಗಲವನ್ನೂ ಬೇಕಾದಂತೆ ಹಿಗ್ಗಿಸಬಹುದು. ಎತ್ತರ ಹೆಚ್ಚಿಸಲು ಆಗದ ಕಡೆ ಅಕ್ಷರ ಅಗಲವಾದರೆ ಒಳಗಿನ ಜಾಗ ತೆರೆದುಕೊಳ್ಳುತ್ತದೆ. ಇದರ ಅಗಲದ ಬಗೆಯಲ್ಲಿ, ತೆಳು ತೂಕದಲ್ಲಿ, 4.5 ಮಿ.ಮೀ. ಎತ್ತರಕ್ಕೆ ‘ಲಕ್ಷ್ಮೀ’, ‘ಜ್ಞಾನೇಶ್ವರಿ’ ಎರಡೂ ಓದುವಂತೆ ಬಂದವು. ಕಾಫಿ ಮರದ ಮೇಲೆ, ಕೆನೆ ಬಣ್ಣದಲ್ಲಿ ಕಡು ಕಂದು ಅಕ್ಷರ. ಜ್ಞಕಾರದ ಒತ್ತಿನ ಸುರುಳಿ ಪೂರಾ ಕಂಡಾಗ ಆದ ಖುಷಿ ಹೇಳಲಾರೆ.

ಪೆನ್ನು ದುಂಡಗಿದೆಯಲ್ಲ, ಅದರ ಮೇಲೆ ಚಪ್ಪಟೆ ಬರವಣಿಗೆ ಹೇಗೆ ಎನ್ನುವುದು ಹೆಚ್ಚು ಜನ ಕೇಳುವ ಪ್ರಶ್ನೆ. ಇಲ್ಲಿ ಸಣ್ಣ ಲೆಕ್ಕವಿದೆ. ಪೆನ್ನು 10 ಮಿ.ಮೀ. ದಪ್ಪ ಇದ್ದು ಅಕ್ಷರ 4 ಮಿ.ಮೀ. ಎತ್ತರ ಇದ್ದರೆ, ಅಕ್ಷರದ ಅಂಚು ಪೆನ್ನಿನ ನೆತ್ತಿಗಿಂತ ಬರೀ 0.4 ಮಿ.ಮೀ. ಕೆಳಗಿರುತ್ತದೆ. ಲೇಸರಿನ ಫೋಕಸ್ ಅಷ್ಟನ್ನು ತಾಳಿಕೊಳ್ಳುತ್ತದೆ. 6 ಮಿ.ಮೀ. ಆದರೆ 1 ಮಿ.ಮೀ. ಇಳಿಜಾರು, ಅಂಚು ಸ್ವಲ್ಪ ಮಸುಕು. 8 ಆದರೆ 2 ಮಿ.ಮೀ., ಅಕ್ಷರ ಸೋರಿದಂತೆ ಕಾಣುತ್ತದೆ. ಅಂದರೆ ಉದ್ದಕ್ಕೆ ಒಂದು ಹೆಸರು ಹಾಕಲು ಪೆನ್ನು ತಿರುಗಿಸುವ ರೋಟರಿ ಸಾಧನ ಬೇಕಿಲ್ಲ. ಹಲಗೆಯಲ್ಲಿ ವಿ ಆಕಾರದ ತೋಡು ಮಾಡಿ ಪೆನ್ನು ಕೂರಿಸಿ, ನೆತ್ತಿಗೆ ಫೋಕಸ್ ಹಿಡಿದರೆ ಸಾಕು. ರೋಟರಿ ಕೊಳ್ಳದಿದ್ದರೆ ಸಾಕಷ್ಟು ದುಡ್ಡು ಉಳಿಯುತ್ತದೆ.

ಸುತ್ತಲೂ ಚಿತ್ತಾರ ಬೇಕು ಎನ್ನುವವರಿಗೆ ಮಾತ್ರ ರೋಟರಿ. ಅದರಲ್ಲಿ ಎರಡು ಬಗೆ. ಉರುಳೆಗಳ ಮೇಲೆ ವಸ್ತು ಇಟ್ಟು ಉರುಳಿಸುವುದು ಒಂದು, ಲೇತಿನಂತೆ ಚಕ್ಕಿನಲ್ಲಿ, ಅಂದರೆ ತುದಿಯನ್ನು ಬಿಗಿಯಾಗಿ ಕಚ್ಚುವ ಹಿಡಿಯಲ್ಲಿ, ಹಿಡಿದು ತಿರುಗಿಸುವುದು ಇನ್ನೊಂದು. ಉರುಳೆಯದು ಲೋಟ, ಬಾಟಲಿಗೆ ಸರಿ. ಪೆನ್ನು ಹಗುರ, ಉರುಳೆಯ ಮೇಲೆ ಜಾರುತ್ತದೆ. ತುದಿ ಕಡೆ ಸಣ್ಣಗಾಗಿದ್ದರೆ ಮೆಲ್ಲಗೆ ಒಂದು ಪಕ್ಕಕ್ಕೆ ನಡೆದುಬಿಡುತ್ತದೆ. ಪೆನ್ನಿನವರು ಚಕ್ಕಿನದನ್ನೇ ತೆಗೆದುಕೊಳ್ಳಿ. ಪೆನ್ನು ಕಡೆಯುವಾಗ ಬಳಸಿದ ಮ್ಯಾಂಡ್ರೆಲ್ ಕಡ್ಡಿಯನ್ನೇ ಚಕ್ಕಿಗೆ ಸಿಕ್ಕಿಸಿದರೆ ಮರದ ತುಂಡು ನಡುಮಧ್ಯದಲ್ಲೇ ಕೂರುತ್ತದೆ.

ನಾನು ಅದರಲ್ಲಿ ಹೆಚ್ಚಾಗಿ ಹಾಕುವುದು ಹಸೆ ಚಿತ್ತಾರ. ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಗೆರೆಗಳು, ನೇರ ಮತ್ತು ಓರೆ, ಒಂದಕ್ಕೊಂದು ಹೆಣೆದದ್ದು. ಚಿತ್ತಾರ ಬರೆಯುವವರೊಬ್ಬರ ಹತ್ತಿರ ಪಟ್ಟಿಯ ನಮೂನೆ ಬರೆಸಿಕೊಂಡು, ಅವರಿಗೆ ಪ್ರತಿ ಪೆನ್ನಿನ ಮೇಲೂ ಪಾಲು ಕೊಡುತ್ತೇನೆ. ಅಂತರ್ಜಾಲದಲ್ಲಿ ಸಿಕ್ಕ ಚಿತ್ರ ಎತ್ತಿಕೊಂಡು ಹಾಕಬೇಡಿ, ಅದರ ಹಿಂದೆ ಯಾರದೋ ಕೈ ಇರುತ್ತದೆ. ಧಾರವಾಡದ ಕಸೂತಿಯ ಗವಂತಿ, ಮುರಗಿ ಹೊಲಿಗೆಯ ನಮೂನೆಗಳೂ ಹೀಗೇ ಗೆರೆಯಲ್ಲೇ ನಡೆಯುವುದರಿಂದ ಲೇಸರ್‌ಗೆ ಚೆನ್ನಾಗಿ ಒಗ್ಗುತ್ತವೆ. ಲೆಕ್ಕ ಮಾತ್ರ ಸರಿಯಾಗಿ ಹಾಕಬೇಕು: 10 ಮಿ.ಮೀ. ದಪ್ಪದ ಪೆನ್ನಿನ ಸುತ್ತಳತೆ 31.4 ಮಿ.ಮೀ., 6 ಸಲ ನಮೂನೆ ಮರುಕಳಿಸಬೇಕಾದರೆ ಒಂದೊಂದೂ 5.2 ಮಿ.ಮೀ.ಗಿಂತ ತುಸು ಹೆಚ್ಚು. ಪೆನ್ನಿನ ಹೊಟ್ಟೆ ಉಬ್ಬಿದ್ದರೆ ಒಂದು ಕಡೆ ಸೇರಿದ್ದು ಇನ್ನೊಂದು ಕಡೆ ಬಿಟ್ಟುಕೊಳ್ಳುತ್ತದೆ. ಚಿತ್ತಾರದ ಪೆನ್ನನ್ನು ನೇರ ಕೊಳವೆಯಾಗಿ ಕಡೆಯುವುದೇ ಮೇಲು. ಇನ್ನೊಂದು ವಿಷಯ, ತಿರುಗಿಸಿ ತೆರೆಯುವ ಪೆನ್ನಿನಲ್ಲಿ ಮೇಲಿನ ಭಾಗ ಕೆಳಗಿನದರ ಮೇಲೆ ತಿರುಗುತ್ತದಲ್ಲ, ನಡುವಿನ ಪಟ್ಟಿ ದಾಟುವ ಚಿತ್ರ ಹಾಕಿದರೆ ಪೆನ್ನು ತೆರೆದಾಗ ಚಿತ್ರ ತುಂಡಾಗುತ್ತದೆ.

ಯಾವ ಮರಕ್ಕೆ ಏನಾಗುತ್ತದೆ ಅಂತ ತುಂಡುಗಳ ಮೇಲೆ ಸುಟ್ಟು ನೋಡಿದ್ದೇನೆ. ಕಾಫಿಗೆ ಮೊದಲ ಸ್ಥಾನ, ಅದನ್ನು ಹೇಳಿಯಾಯಿತು. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ ಅದಕ್ಕಿಂತ ಬಿಳುಪು, ಎಳೆಯೂ ನಯ, ಅಕ್ಷರ ಅಚ್ಚೊತ್ತಿದಂತೆ ಬರುತ್ತದೆ. ಅದಕ್ಕೆ ಅರಗಿನ ಬಣ್ಣ ಹಚ್ಚಿದ ಮೇಲೆ ಲೇಸರ್ ಹಿಡಿದರೆ ಬೇರೆಯದೇ ಫಲ: ಬಣ್ಣ ಹಾರಿ ಒಳಗಿನ ಮರ ಕಾಣುತ್ತದೆ, ಆದರೆ ಅರಗು ಬಿಸಿಗೆ ಬೇಗ ಮೆದುವಾಗುವುದರಿಂದ ಗೆರೆಯ ಅಂಚು ದುಂಡಗಾಗುತ್ತದೆ. ದೊಡ್ಡ ಚಿತ್ರಕ್ಕೆ ಅದೂ ಒಂದು ಚಂದ, ಒತ್ತಕ್ಷರಕ್ಕಲ್ಲ. ಹಲಸು ಹೊಸದರಲ್ಲಿ ಅರಿಶಿನದ ಹಾಗೆ ಹೊಳೆಯುತ್ತದೆ, ಮೇಲೆ ಕಂದು ಅಕ್ಷರ ಬಹಳ ಒಪ್ಪುತ್ತದೆ. ಬೆಳಕು ಬಿದ್ದು ಬಿದ್ದು ಹಲಸೇ ಕಂದಾಗುತ್ತ ಹೋಗುವ ಮರ, ಹಾಗಾಗಿ ಕಾಲ ಕಳೆದಂತೆ ಹೆಸರು ಹಿಂದೆ ಸರಿಯುತ್ತದೆ. ಕೊಳ್ಳುವವರಿಗೆ ಮೊದಲೇ ಇದನ್ನು ಹೇಳುತ್ತೇನೆ. ತೇಗದಲ್ಲಿ ವರ್ಷದ ಗೆರೆಯ ಮೆತ್ತಗಿನ ಭಾಗ ಆಳಕ್ಕೆ, ಗಟ್ಟಿ ಭಾಗ ಮೇಲ್ಮೇಲೆ ಸುಡುತ್ತದೆ. ಸಣ್ಣ ಅಕ್ಷರ ಅಲ್ಲಲ್ಲಿ ಕಡಿದಂತೆ ಕಾಣುತ್ತದೆ.

ಬೀಟೆಯ ವಿಷಯಕ್ಕೆ ಬರೋಣ. ಗಿರಾಕಿಗಳಿಗೆ ಬೀಟೆ ಅಂದರೆ ಪ್ರಾಣ. ಬೀಟೆ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಾನು ಬಳಸುವುದು ಹಳೆಯ ಮಂಚದ ಕಾಲು, ಮುರಿದ ಕುರ್ಚಿಯ ತೋಳು ಇಂಥದ್ದು. ಕಡೆದು ಹೊಳಪು ಕೊಟ್ಟರೆ ಅದರ ಸಮ ಯಾವುದೂ ಇಲ್ಲ. ಆದರೆ ಕಪ್ಪು ನೇರಳೆ ಬಣ್ಣದ ಮೇಲೆ ಸುಟ್ಟ ಕಂದು ಅಕ್ಷರ ಕಾಣುವುದೇ ಇಲ್ಲ, ಬೆಳಕಿಗೆ ಓರೆ ಹಿಡಿದು ಹುಡುಕಬೇಕು. ಆಳವಾಗಿ ಕೆತ್ತಿ ಹಿತ್ತಾಳೆ ಪುಡಿಯನ್ನು ಫೆವಿಕ್ವಿಕ್ ತರದ ತೆಳು ಅಂಟಿನಲ್ಲಿ ತುಂಬಿ ಉಜ್ಜಿದರೆ ಚಿನ್ನದ ಗೆರೆಯಂತೆ ಕಾಣುತ್ತದೆ. ಅಲ್ಲೊಂದು ಮಿತಿ ಇದೆ. ಸಾಮಾನ್ಯ ಸ್ಲಿಮ್‌ಲೈನ್ ಕಿಟ್ಟಿನಲ್ಲಿ (ತೆಳು ಪೆನ್ನಿಗೆ ಬೇಕಾದ ಲೋಹದ ಭಾಗಗಳ ಕಟ್ಟು) ಮರದೊಳಗೆ 7 ಮಿ.ಮೀ. ಹಿತ್ತಾಳೆ ಕೊಳವೆ ಇರುತ್ತದೆ. ಪೆನ್ನನ್ನು 8.5 ಮಿ.ಮೀ.ಗೆ ಕಡೆದರೆ ಮರದ ಗೋಡೆ ಉಳಿಯುವುದು ಮುಕ್ಕಾಲು ಮಿ.ಮೀ. ಮಾತ್ರ. ಆಳಕ್ಕೆ ಹೋಗುವ ಆಸೆ ಇದ್ದವರು ಪೆನ್ನನ್ನು ದಪ್ಪಗೆ ಬಿಡಿ. ಅಕ್ಷರವೇ ಮುಖ್ಯ ಅನ್ನುವ ಗಿರಾಕಿಗೆ ನಾನು ಬೀಟೆ ಬೇಡ ಅಂತಲೇ ಹೇಳುತ್ತೇನೆ.

ಪಾಲಿಶ್ ಮೊದಲೋ ಲೇಸರ್ ಮೊದಲೋ? ಪಾಲಿಶ್ ಹಾಕದ ಬರಿ ಮರದ ಮೇಲೆ ಸುಟ್ಟರೆ ಮಸಿ ಸುತ್ತಲಿನ ಎಳೆಗೆ ಇಳಿಯುತ್ತದೆ, ಮೇಲೆ ಪಾಲಿಶ್ ಒರೆಸಿದಾಗ ಕೆನೆ ಬಣ್ಣದ ಮೇಲೆಲ್ಲ ಬೂದು ಛಾಯೆ ಹರಡುತ್ತದೆ. ನಾನು ಹೊಳಪು ಕೊಟ್ಟ ಮೇಲೆ, ಕಾಗದದ ಮಾಸ್ಕಿಂಗ್ ಟೇಪ್ ಸುತ್ತಿ ಸುಡುತ್ತೇನೆ. ನೀಲಿ ಬೆಳಕಿಗೆ ಪಾರದರ್ಶಕ ಪದರ ಅಡ್ಡಬರುವುದಿಲ್ಲ, ಅದು ದಾಟಿ ಹೋಗಿ ಮರವನ್ನು ಸುಡುತ್ತದೆ, ಬಿಸಿಗೆ ಮೇಲಿನ ಪದರ ಎದ್ದುಹೋಗುತ್ತದೆ. ಪೇಟೆಯ ದೊಡ್ಡ ಯಂತ್ರದ ಬೆಳಕು 10,600 ನ್ಯಾನೊಮೀಟರಿನದು. ಅದನ್ನು ಆ ಪದರವೇ ಹೀರಿಕೊಳ್ಳುತ್ತದೆ. ಹೀಗಾಗಿ ಒಂದೇ ಪೆನ್ನು ಎರಡು ಕಡೆ ಎರಡು ರೀತಿ ಬರುತ್ತದೆ. ಫೆವಿಕ್ವಿಕ್ ತರದ ಅಂಟಿನಲ್ಲೇ ಹೊಳಪು ಕೊಟ್ಟ ಪೆನ್ನಿನಲ್ಲಿ ಅಕ್ಷರದ ಅಂಚಿಗೆ ಬಿಳಿ ಗೆರೆ ಕಾಣಿಸಬಹುದು. ಆ ಹೊಗೆ ಕಣ್ಣು ಮೂಗು ಉರಿಸುತ್ತದೆ. ಅರಗಿನ ಫ್ರೆಂಚ್ ಪಾಲಿಶ್‌ನಲ್ಲಿ ಈ ಕಾಟ ಕಡಿಮೆ. ಅಲ್ಲಿ ಬೇರೆ ಎಚ್ಚರ ಬೇಕು: ಉಳಿದ ಮಸಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಡಿ, ಸ್ಪಿರಿಟ್‌ಗೆ ಅರಗೇ ಕರಗುತ್ತದೆ. ಒಣ ಮೆದು ಹಲ್ಲುಜ್ಜುವ ಬ್ರಷ್ ಸಾಕು. ಆಮೇಲೆ ಒಂದು ಕೈ ಮೇಣ.

ಯಂತ್ರದ ಜೊತೆ ಗಾಳಿ ಊದುವ ಪಂಪು ಬಂದರೆ ಬಿಡಬೇಡಿ, ಇಲ್ಲದಿದ್ದರೆ ಬೇರೆಯಾಗಿ ತನ್ನಿ. ಗಾಳಿ ಬಿದ್ದರೆ ಮಸಿ ಅಲ್ಲೇ ಕೂರದೆ ಹಾರಿಹೋಗುತ್ತದೆ, ಅಕ್ಷರದ ಅಂಚು ಚೊಕ್ಕಟ. ನನ್ನ ಅಳತೆ, ಕಾಫಿ ಮರಕ್ಕೆ: ನಿಮಿಷಕ್ಕೆ 3000 ಮಿ.ಮೀ. ವೇಗ, ಶಕ್ತಿ ಶೇ. 30ರ ಸುತ್ತಮುತ್ತ. ನಿಮ್ಮ ಮರ, ನಿಮ್ಮ ಊರಿನ ತೇವಕ್ಕೆ ಇದು ಬದಲಾಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಮರ ನೀರು ಎಳೆದುಕೊಂಡಿರುತ್ತದೆ, ಅದೇ ಅಳತೆಗೆ ಅಕ್ಷರ ಮಂಕು. ಆಗ ಸುಡುವ ಮುನ್ನ ತುಂಡನ್ನು ಅಡುಗೆಮನೆಯ ಬೆಚ್ಚಗಿನ ಜಾಗದಲ್ಲಿ ಇಟ್ಟಿರುತ್ತೇನೆ. ಕರೆಂಟು ಹೋದರೆ ಯಂತ್ರ ತಾನೆಲ್ಲಿದ್ದೆ ಎನ್ನುವುದನ್ನೇ ಮರೆಯುತ್ತದೆ, ಮತ್ತೆ ಅದೇ ಜಾಗಕ್ಕೆ ಗೆರೆ ಕೂರಿಸುವುದು ಕಷ್ಟ. ಮಲೆನಾಡಿನವರು ಯಂತ್ರವನ್ನೂ ಕಂಪ್ಯೂಟರನ್ನೂ ಯುಪಿಎಸ್ ಮೇಲೆಯೇ ಓಡಿಸಬೇಕು. ಡಯೋಡ್ ಯಂತ್ರ ತಿನ್ನುವ ವಿದ್ಯುತ್ ಕಡಿಮೆ, ಮನೆಯ ಸಣ್ಣ ಯುಪಿಎಸ್ ತಾಳುತ್ತದೆ.

ಕಣ್ಣಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ತೆರೆದ ಚೌಕಟ್ಟಿನ ಈ ಲೇಸರ್ 4ನೇ ವರ್ಗದ್ದು, ನೇರ ಬೆಳಕಷ್ಟೇ ಅಲ್ಲ, ಹೊಳೆಯುವ ವಸ್ತುವಿಗೆ ತಾಗಿ ಚಿಮ್ಮಿದ ಬೆಳಕೂ ಕಣ್ಣು ಕೆಡಿಸುತ್ತದೆ. ಪೆನ್ನಿನ ಕ್ಲಿಪ್ಪು, ನಡುವಿನ ಪಟ್ಟಿ ಎಲ್ಲ ಕನ್ನಡಿಯಂಥ ಲೋಹ. ಪೆನ್ನು ಜೋಡಿಸುವ ಮುಂಚೆ, ಮರದ ತುಂಡಿಗೆ ಮಾತ್ರ ಲೇಸರ್ ಹಿಡಿಯಿರಿ. 450 ನ್ಯಾನೊಮೀಟರಿಗೆ ಅಂತ ಗುರುತು ಹಾಕಿದ ಕನ್ನಡಕ ಇಲ್ಲದೆ ಗುಂಡಿ ಒತ್ತಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಪೂರಾ ಮುಚ್ಚಿದ ಪೆಟ್ಟಿಗೆಯ ಮಾದರಿಯನ್ನೇ ಕೊಳ್ಳಿ, ಬೆಲೆ ಹೆಚ್ಚಾದರೂ ಸರಿ. ಪಕ್ಕದ ಮನೆಯ ದೊಡ್ಡಮ್ಮ “ಏನೇ ಅದು, ನೀಲಿ ದೀಪ, ನೋಡೋಣ” ಅಂತ ಬಂದಾಗ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಯಂತ್ರ ನಿಲ್ಲಿಸಿ, ಆಮೇಲೆ ಒಳಗೆ ಕರೆದೆ.

ಹೆಸರು ಯಾವ ದಿಕ್ಕಿಗೆ ಎನ್ನುವುದನ್ನು ಅಂಗಡಿಯವರು ಯಾರೂ ಕೇಳುವುದಿಲ್ಲ, ನಾನು ಕೇಳುತ್ತೇನೆ. ಬಲಗೈಯವರು ಪೆನ್ನು ಹಿಡಿದಾಗ ಮೊನೆ ಎಡಕ್ಕಿರುತ್ತದೆ. ಅಕ್ಷರ ಮೊನೆಯ ಕಡೆಯಿಂದ ಶುರುವಾಗಿ ಕ್ಲಿಪ್ಪಿನ ಕಡೆ ಹೋದರೆ ಬರೆಯುವವರಿಗೆ ತಮ್ಮ ಹೆಸರು ನೆಟ್ಟಗೆ ಕಾಣುತ್ತದೆ. ಎಡಗೈಯವರಿಗೆ ತಿರುವುಮುರುವು. ಆ ಕನ್ನಡ ಮೇಷ್ಟ್ರು ಎಡಚರು ಅಂತ ಅವರ ವಿದ್ಯಾರ್ಥಿನಿಯೊಬ್ಬಳು ನೆನಪಿಟ್ಟು ಹೇಳಿದಳು. ಅದರಂತೆಯೇ ಹಾಕಿ ಕೊಟ್ಟೆ.

ಯಂತ್ರ, ಚಕ್ಕಿನ ರೋಟರಿ, ಕನ್ನಡಕ, ಹೊಗೆ ಎಳೆಯುವ ಫ್ಯಾನು ಎಲ್ಲ ಸೇರಿ ಅರ್ಧ ಲಕ್ಷದ ಆಸುಪಾಸು ಹೋಯಿತು. ವರ್ಷಕ್ಕೆ ಹತ್ತಾರು ಪೆನ್ನು ಮಾತ್ರ ಮಾಡುವವರಿಗೆ ಇದು ಹೆಚ್ಚು. ಒಳ್ಳೆಯ ಎಸ್‌ವಿಜಿ ಕಡತ ಕೊಟ್ಟು ಅಂಗಡಿಯಲ್ಲೇ ಮಾಡಿಸಿ. ಮದುವೆ, ಬೀಳ್ಕೊಡುಗೆ, ಶಾಲೆಯ ಬಹುಮಾನ ಅಂತ ಆರ್ಡರು ಬರುತ್ತಲೇ ಇರುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಕೊಳ್ಳುವ ಮುಂಚೆ ಮಾರುವವರ ಮುಂದೆ ಒಂದು ತಿಳಿ ಮರದ ತುಂಡು ಇಟ್ಟು ‘ಲಕ್ಷ್ಮೀ’ ಎಂದು 4.5 ಮಿ.ಮೀ. ಎತ್ತರದಲ್ಲಿ ಸುಟ್ಟು ತೋರಿಸಲು ಕೇಳಿ. ಕಡತವನ್ನು ನೀವೇ ಮನೆಯಿಂದ ಒಯ್ಯಿರಿ. ಷಕಾರದ ಒತ್ತು, ಮಕಾರದ ಒತ್ತು ಎರಡೂ ಬೇರೆಬೇರೆಯಾಗಿ ಕಂಡರೆ ದುಡ್ಡು ಕೊಡಿ, ಇಲ್ಲವೆಂದರೆ ಮುಂದಿನ ಅಂಗಡಿಗೆ ಹೋಗಿ.